ಹದಿನಾರಾಣೆ ಲೆಕ್ಕ

ಕೊಲ್ಹಾಪುರದಲ್ಲಿ ಎಂಜಿನಿಯರಿಂಗ್ ಓದುವಾಗ ನಾನು ಮೊದಲು ಮುಗ್ಗರಿಸಿದ್ದು ಋಣ ಸಂಖ್ಯೆಯ ಹೊಸ್ತಿಲಲ್ಲಿ. ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ, ಒಂದು ಎಂಬ ಎರಡೇ ಅಂಕಿ. ಮೈನಸ್ ಗೆರೆ ಎಳೆಯಲು ಅದಕ್ಕೆ ಬಾರದು. ಹಾಗಾಗಿ ಮೂರನ್ನು 0011 ಎಂದು ಬರೆದು, ಸೊನ್ನೆ ಇದ್ದಲ್ಲಿ ಒಂದು, ಒಂದು ಇದ್ದಲ್ಲಿ ಸೊನ್ನೆ ಮಾಡಿ, ಮೇಲೊಂದು ಕೂಡಿಸಬೇಕು. 1101 ಬರುತ್ತದೆ. ಅದೇ ಮೈನಸ್ ಮೂರಂತೆ. ಪದ್ಧತಿಯ ಹೆಸರು ಟೂಸ್ ಕಾಂಪ್ಲಿಮೆಂಟ್. ನನ್ನ ಕಣ್ಣಿಗೆ ಅದು ಅಪ್ಪಟ ಹದಿಮೂರು.

ಶನಿವಾರ ಎಸ್ಟಿ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಬಂದು ಪಡಸಾಲೆಯಲ್ಲಿ ಪುಸ್ತಕ ಹರವಿಕೊಂಡು ಕೂತೆ. ಅಜ್ಜ ಮೆಣಸಿನಕಾಯಿ ವ್ಯಾಪಾರಿ. ಸರಕಾರ 1957ರಲ್ಲಿ ತಂದ ನಯಾಪೈಸೆಯನ್ನು ಕೊನೆಯವರೆಗೂ ನಂಬದವರು.

"ಮೈನಸ್ ಮೂರು ಅಂದ್ರ ಹದಿಮೂರಂತ, ಅಜ್ಜಾ."

"ಖರೇನ ಐತಲ್ಲೋ. ಮೂರಾಣೆ ಉದ್ರಿ ಐತಿ, ರೂಪಾಯಿ ಕೊಟ್ಟಿ. ತಿರುಗಿ ಎಷ್ಟು ಬರ್ತೈತಿ?"

"ಹದಿಮೂರಾಣೆ."

"ಮತ್ತ? ಆ ರೂಪಾಯಿ ಮರತುಬಿಡು, ಆತು."

ನಾಲ್ಕು ಬಿಟ್ಟಿನಲ್ಲಿ ಹದಿನಾರೇ ಅಂಕಿ, ರೂಪಾಯಿಗೆ ಹದಿನಾರೇ ಆಣೆ. ಏಳರವರೆಗೆ ನಮ್ಮದು, ಎಂಟರಿಂದಾಚೆ ಸಾಲ. ಮೇಷ್ಟರು ಎರಡು ವಾರ ಹೇಳಿದ್ದು ಅಡಿಕೆ ಕತ್ತರಿಸುವಷ್ಟರಲ್ಲಿ ತಲೆಗಿಳಿಯಿತು.

ಇಚಲಕರಂಜಿಯ ಕಾಕಾನೂ ಅಂದು ಬಂದಿದ್ದ. ನಾಲ್ಕು ಪಾವರ್‌ಲೂಮ್, ನಾಲ್ಕೂ ಸಾಲದ ಮೇಲೆ. ಸಾಲಕ್ಕೆ ಸಾಲ ಗುಣಿಸಿದರೆ ಗಳಿಕೆ, ಅಮೋಘವರ್ಷನ ಕಾಲದ ಮಹಾವೀರಾಚಾರ್ಯನೇ 'ಗಣಿತಸಾರಸಂಗ್ರಹ'ದಲ್ಲಿ ಹೇಳಿದ್ದಾನೆ ಎಂದೆ.

"ಮಗ್ಗದ ಸಾಲ, ನೂಲಿನ ಸಾಲ ಎರಡೂ ಅದಾವು," ಎಂದ ಕಾಕಾ. "ಹಂಗಾದ್ರ ಇಚಲಕರಂಜಿ ಇಷ್ಟೊತ್ತಿಗೆ ಬಂಗಾರದ್ದು ಆಗಬೇಕಿತ್ತು."

ಮಾಡಿ ತೋರಿಸಿದೆ. ಮೈನಸ್ ಮೂರು ಹದಿಮೂರು, ಮೈನಸ್ ಎರಡು ಹದಿನಾಲ್ಕು. ಗುಣಿಸಿದರೆ 182 ಆಣೆ. ಅಂದರೆ ಹನ್ನೊಂದು ರೂಪಾಯಿ ಆರಾಣೆ. ರೂಪಾಯಿ ಬಿಟ್ಟರೆ ಉಳಿದದ್ದು ಆರು. ಉತ್ತರ ಸರಿ!

ಅಜ್ಜನ ಮುಖ ಮಾತ್ರ ಬಾಡಿತು. "ಹನ್ನೊಂದು ರೂಪಾಯಿ ಒಗದಬಿಟ್ಟ್ಯಲ್ಲೋ!"

ಉತ್ತರ ದೊಡ್ಡದಾಗುವಂತಿದ್ದರೆ ನಾಲ್ಕು ಬಿಟ್ಟಿನ ಮನೆಯನ್ನು ಎಂಟಕ್ಕೆ ಹಿಗ್ಗಿಸಿ, ಎಡಗಡೆಯ ಸಾಲದ ಒಂದನ್ನೇ ಉದ್ದಕ್ಕೂ ನಕಲು ಮಾಡುತ್ತಾರೆ ಎಂದು ಸಮಾಧಾನ ಹೇಳಿದೆ. 1951ರಲ್ಲಿ ಬೂತ್ ಎಂಬ ಇಂಗ್ಲಿಷಿನವನು ಪ್ರಕಟಿಸಿದ ಉಪಾಯವನ್ನೂ ಹೇಳಿದೆ: ಏಳರಿಂದ, ಅಂದರೆ 0111ರಿಂದ, ಗುಣಿಸಲು ಅದರ ಮೂರು ಒಂದಕ್ಕೆ ಮೂರು ಸಲ ಕೂಡಿಸಬೇಡ, ಎಂಟುಪಟ್ಟು ಮಾಡಿ ಒಂದುಪಟ್ಟು ಕಳೆ. ಏಳು ಮಣ ಮೆಣಸಿನಕಾಯಿಯ ದರವನ್ನು ಮತ್ತೆ ಹೇಗೆ ಕಟ್ಟುತ್ತಾರೆ ಎಂದು ಅಜ್ಜನಿಗೆ ಆಶ್ಚರ್ಯ.

ತೊಡಕಾದದ್ದು ಮೈನಸ್ ಎಂಟು. 1000 ತಿರುವಿದರೆ 0111, ಒಂದು ಕೂಡಿಸಿದರೆ ಮತ್ತೆ 1000. ಸಾಲದಿಂದ ಗಳಿಕೆಗೆ ಬರಲೊಲ್ಲದು. ಇದು ಹೀಗೇಕೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಕಾಕಾ ಚಪ್ಪಲಿ ಮೆಟ್ಟುತ್ತ ಅಂದ:

"ಅದಕ್ಕ ನಮ್ಮ ಸೊಸಾಯಟಿಯೊಳಗ 'ನವಂ-ಜುನಂ' ಅಂತಾರ. ವರ್ಷಾ ಹಳೇ ಸಾಲ ತಿರುವಿ ಹಾಕ್ತಾರ, ಮ್ಯಾಲ ಒಂದಿಷ್ಟು ಕೂಡಸ್ತಾರ. ನಾ ಅಲ್ಲೇ ಇರ್ತೇನಿ."