ಜಾಗ್ರತೆ, ದಿನಕ್ಕೆ ಮೂರು ಹೊತ್ತು

ದಿನಸಿ ಅಂಗಡಿಯವರು ತೊಗರಿಬೇಳೆಗೆ ಬದಲು ಕಡಲೆಬೇಳೆ ಕಟ್ಟಿಕೊಟ್ಟರೆ ಮನೆಯಲ್ಲಿ ಸಾರಿನ ಬದಲು ಒಬ್ಬಟ್ಟಾಗುತ್ತದೆ, ಯಾರೂ ಬೇಡವೆನ್ನುವುದಿಲ್ಲ. ಔಷಧಿ ಅಂಗಡಿಯವರಿಗೆ ಆ ಭಾಗ್ಯವಿಲ್ಲ. ನಮ್ಮ ಕಡೆ ತಪ್ಪಾದಾಗಲೆಲ್ಲ ಊರವರು ಬರೆದುಕೊಡುವ ಮದ್ದು ಒಂದೇ: 'ಸ್ವಲ್ಪ ಜಾಗ್ರತೆಯಾಗಿರಬಾರದೇ?'

ತಿಪಟೂರಿನ ನಮ್ಮದು ಜನರಿಕ್ ಔಷಧಿಗಳ ಅಂಗಡಿ. ಕಂಪನಿಗಳು ಇಟ್ಟ ಮುದ್ದುಹೆಸರು ಇಲ್ಲಿ ನಡೆಯುವುದಿಲ್ಲ, ಎಲ್ಲಕ್ಕೂ ಮೂಲನಾಮವೇ. ಸಾಹುಕಾರರು ಬಲು ಶಿಸ್ತಿನವರಾದ್ದರಿಂದ ರ್‍ಯಾಕುಗಳೆಲ್ಲ ಎ ಬಿ ಸಿ ಡಿ ಕ್ರಮದಲ್ಲಿದ್ದವು. ಹೀಗಾಗಿ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಬಿ.ಪಿ.ಯ ಮೆಟೊಪ್ರೊಲಾಲ್, ಆಮಶಂಕೆಯ ಮೆಟ್ರೊನಿಡಜೋಲ್ ಮೂರೂ ಮೈಗೆ ಮೈ ತಾಗಿಸಿ ಕೂತಿದ್ದವು. ಅದಕ್ಕೆ ತಕ್ಕಂತೆ ಚೀಟಿಗಳು. ಓದಲು ಬರುವಂತೆ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಿರಿ ಎಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ವೈದ್ಯರಿಗೆ ನಿಯಮ ಮಾಡಿದೆ. ಕೆಲವರು ಪಾಲಿಸುತ್ತಾರೆ ಕೂಡ, ಮೊದಲ ಮೂರು ಅಕ್ಷರದವರೆಗೆ. ಆಮೇಲಿನದು ಬರೀ ಗೆರೆ.

ನಮ್ಮ ಹುಡುಗ ಹೊಸಬ. ಎರಡು ವರ್ಷದ ಡಿ.ಫಾರ್ಮಾ, ಅದರ ಮೇಲೆ 500 ಗಂಟೆಯ ತರಬೇತಿ, ಎಲ್ಲ ಮುಗಿಸಿ ಬಂದವನು. ಒಂದು ಸಂಜೆ ಡಬ್ಬಿಯನ್ನು ರ್‍ಯಾಕಿಗೆ ವಾಪಸ್ ಇಡುವಾಗ ಅದರ ಮೇಲಿನ ಹೆಸರು ಓದಿದ. ನಮ್ಮ ಕಸುಬಿನಲ್ಲಿ ಸರಿಯಾಗಿ ಓದುವ ಗಳಿಗೆ ಬರುವುದು ಆಗಲೇ. 'ಅಕ್ಕಾ, ಆ ಅಜ್ಜಿಗೆ ಶುಗರ್ ಮಾತ್ರೆ ಅಂತ ಆಮಶಂಕೆ ಮಾತ್ರೆ ಕೊಟ್ಟುಬಿಟ್ಟೆ' ಅಂದ. ಯಾವ ಅಜ್ಜಿ? ಹಸಿರು ಸೀರೆ, ಬಟ್ಟೆ ಚೀಲ, ತುರುವೇಕೆರೆ ಬಸ್ಸು. ಇಷ್ಟೇ ವಿಳಾಸ.

ಸರಿಯಾದ ಸ್ಟ್ರಿಪ್ಪು ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದ. ಬಸ್ಸಿನಲ್ಲಿ ನೋಡಿದರೆ ಹಸಿರು ಸೀರೆಗೆ ಬರವಿರಲಿಲ್ಲ. ದಿಕ್ಕು ತೋಚದೆ 'ಇಲ್ಲಿ ಯಾರಿಗಮ್ಮಾ ಶುಗರ್ ಇರೋದು?' ಎಂದು ಕೂಗಿದನಂತೆ. ಅರ್ಧ ಬಸ್ಸು ಕೈ ಎತ್ತಿತು. ಕಂಡಕ್ಟರು 'ನನಗೂ ಇದೆ ಕಣಪ್ಪ, ಏನಾದ್ರೂ ಪುಕ್ಕಟೆ ಕೊಡ್ತಿದ್ದೀರಾ?' ಎಂದು ವಿಚಾರಿಸಿದರು. ಕೊನೆಗೆ ಸಿಕ್ಕಿದ ಅಜ್ಜಿ ಚೀಲವನ್ನು ಎದೆಗವಚಿಕೊಂಡು, 'ಎಣಿಸಿ ದುಡ್ಡು ಕೊಟ್ಟಿದ್ದೀನಿ, ಇನ್ನೇನು ಬೇಕು ನಿಂಗೆ?' ಎಂದು ಜಗಳಕ್ಕೇ ನಿಂತರು. ತಪ್ಪು ಮಾಡುವುದಕ್ಕೆ ಅರ್ಧ ನಿಮಿಷ ಸಾಕಾಗಿತ್ತು. ಅದನ್ನು ಅಜ್ಜಿಯ ಚೀಲದಿಂದ ಈಚೆಗೆ ತರುವಷ್ಟರಲ್ಲಿ ಡ್ರೈವರ್ ಎರಡು ಸಲ ಹಾರನ್ ಹೊಡೆದಿದ್ದರು.

ಸಾಹುಕಾರರು ಜಾಗ್ರತೆಯ ಡೋಸು ಕೊಟ್ಟರು, ದಿನಕ್ಕೆ ಮೂರು ಹೊತ್ತು, ಊಟಕ್ಕೆ ಮುಂಚೆ. ಹುಡುಗನಿಗೆ ಅದು ಸ್ವಲ್ಪ ಹೆಚ್ಚೇ ಆಯಿತು. ಓ.ಆರ್.ಎಸ್. ಪೊಟ್ಟಣ ಕೇಳಿದವರ ಹೆಸರು, ವಯಸ್ಸು, ಊರು ಎಲ್ಲ ವಿಚಾರಿಸತೊಡಗಿದ. ಸಾಲು ರಸ್ತೆಗೆ ಇಳಿಯಿತು. ತಲೆನೋವಿಗೆಂದು ಬಂದವರೊಬ್ಬರು ನಿಂತು ನಿಂತು ಕಾಲುನೋವಿಗೂ ಮಾತ್ರೆ ಕೇಳಿದರು.

ಜಾಗ್ರತೆಯ ಮೇಲೆ ನನಗಂತೂ ನಂಬಿಕೆ ಕಮ್ಮಿ. ಅದು ಬೆಳಿಗ್ಗೆ ಅಂಗಡಿ ತೆರೆದಾಗ ಬೇಕಾದಷ್ಟಿರುತ್ತದೆ. ಸಂಜೆ ಕ್ಲಿನಿಕ್ಕುಗಳ ಜನವೆಲ್ಲ ಒಟ್ಟಿಗೆ ಕೌಂಟರಿಗೆ ಬಿದ್ದಾಗ ಸ್ಟಾಕ್ ಖಾಲಿ. ಇನ್ಸುಲಿನ್ ಸಿರಿಂಜು ನೋಡಿ: 40 ಯೂನಿಟ್ಟಿನದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಕಣ್ಣಿಗೆ ನಿದ್ದೆ ಹತ್ತಿದ್ದರೂ ಬಣ್ಣ ಒಂದಿಷ್ಟು ಕಾಣುತ್ತದೆ. ಹುಡುಗನಿಗೆ ಬೈಯುವ ಬದಲು ಡಬ್ಬಿ ಎತ್ತಿಡೋಣ, ಮೆಟ್ರೊನಿಡಜೋಲ್ ಕೆಳಗಿನ ರ್‍ಯಾಕಿಗೆ ಹೋಗಲಿ ಅಂದೆ.

'ಎ ಬಿ ಸಿ ಡಿ ಕೆಟ್ಟು ಹೋಗುತ್ತಲ್ಲಮ್ಮ!' ಸಾಹುಕಾರರಿಗೆ ನಿಜವಾಗಿಯೂ ಸಂಕಟವಾಯಿತು.

ಅಮೆರಿಕದ ಕಥೆ ಹೇಳಿದೆ. ಅಲ್ಲಿ ಲೋಸೆಕ್ ಎಂಬ ಹೊಟ್ಟೆಯ ಆಮ್ಲ ತಗ್ಗಿಸುವ ಔಷಧಿಗೂ ಲೇಸಿಕ್ಸ್ ಎಂಬ ಮೂತ್ರ ಹೆಚ್ಚಿಸುವ ಔಷಧಿಗೂ ಅದಲುಬದಲಾಗಿ, 1990ರಲ್ಲಿ ಲೋಸೆಕ್ಕಿನ ಹೆಸರನ್ನೇ ಪ್ರಿಲೋಸೆಕ್ ಎಂದು ಬದಲಿಸಿದರು. ನಮ್ಮಲ್ಲಾಗಿದ್ದರೆ ಕೌಂಟರಿನ ಹುಡುಗನನ್ನು ಬದಲಿಸುತ್ತಿದ್ದರು. ಅಮೆರಿಕ ಎಂದ ಮೇಲೆ ಸಾಹುಕಾರರು ಕರಗಿದರು. ಡಬ್ಬಿ ಕೆಳಗಿಳಿಯಿತು, ಅದರ ಮೇಲೊಂದು ಕೆಂಪು ಸ್ಟಿಕ್ಕರೂ ಬಿತ್ತು.

ಇನ್ನೊಂದು ಪದ್ಧತಿಯನ್ನೂ ಶುರು ಮಾಡಿದೆವು. ಸ್ಟ್ರಿಪ್ಪು ಕೈಗೆ ಕೊಡುವ ಮುಂಚೆ 'ಇದು ಯಾವುದಕ್ಕೆ ತಗೊಳ್ತೀರಿ?' ಎಂದು ಕೇಳುವುದು. ಉತ್ತರ ಚೀಟಿಗೆ ಹೊಂದದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಲೆಕ್ಕ. ಕೆಲವರು 'ಡಾಕ್ಟ್ರು ನಿಮಗೆ ಹೇಳಿಲ್ವಾ?' ಎಂದು ನಮ್ಮನ್ನೇ ಅನುಮಾನದಿಂದ ನೋಡುತ್ತಾರೆ. ಇನ್ನು ಕೆಲವರು ಮಂಡಿಯಿಂದ ಶುರು ಮಾಡಿ ಸೊಸೆಯವರೆಗೆ ಹೇಳುತ್ತಾರೆ.

ಮೊನ್ನೆ ಒಬ್ಬ ಯಜಮಾನರು ಹಳೆಯ ಚೀಟಿ ತಂದು ಬಿ.ಪಿ. ಮಾತ್ರೆ ಕೇಳಿದರು. ಹುಡುಗ ವಾಡಿಕೆಯಂತೆ ಪ್ರಶ್ನೆ ಹಾಕಿದ.

'ನನಗಲ್ಲಪ್ಪ, ನಮ್ಮ ಭಾಮೈದನಿಗೆ.'

'ಅವರಿಗೆ ಬಿ.ಪಿ. ಎಷ್ಟಿದೆ?'

'ಅವನಿಗೆಲ್ಲಿದೆ ಬಿ.ಪಿ.? ನನಗೆ ಚೆನ್ನಾಗಿ ಹಿಡಿಸ್ತಲ್ಲ, ಅವನೂ ಒಂದು ತಿಂಗಳು ನುಂಗಿ ನೋಡಲಿ ಅಂತ.'

ಹುಡುಗ ಸ್ಟ್ರಿಪ್ಪನ್ನು ರ್‍ಯಾಕಿಗೆ ಹಿಂದಿರುಗಿಸಿದ. ಗಲ್ಲದಲ್ಲಿ ಕೂತಿದ್ದ ಸಾಹುಕಾರರು, ಹೀಗೆ ಪ್ರಶ್ನೆ ಕೇಳಿ ವ್ಯಾಪಾರ ಕಳೆಯುವ ಪದ್ಧತಿಯೂ ಅಮೆರಿಕದ್ದೇನಾ ಎಂದು ನನ್ನನ್ನು ಕೇಳಿದರು.