ಹೆಬ್ಬಾಗಿಲಿಗೆ ಹಲ್ಲುಪುಡಿ

ನಾಣ್ಯದ ಹುಚ್ಚಿನವರಲ್ಲಿ ಎರಡು ಪಂಗಡ. ವಿಷಯ ಗೊತ್ತಿದ್ದು ದುಡ್ಡು ಮಾಡುವವರು ಒಂದು. ಗೊತ್ತಿಲ್ಲದೆ ಅವರಿಗೆ ದುಡ್ಡು ಮಾಡಿಕೊಡುವವರು ಇನ್ನೊಂದು. ಎರಡನೆಯದರಲ್ಲಿ ನಾನು ಹಿರಿಯ ಸದಸ್ಯ. ಅದರಲ್ಲೂ ನನ್ನದು ವಿಶೇಷ ಶಾಖೆ: ಹಳೇ ಊರುಗಳ ಹೆಬ್ಬಾಗಿಲಿನ ಚಿತ್ರವಿರುವ ಬೆಳ್ಳಿ ನಾಣ್ಯ. ರಾಜರ ಮುಖ ಕೂಡಿಡುವವರು ಬೀದಿಗೊಬ್ಬರಿದ್ದಾರೆ, ಬಾಗಿಲು ಕೂಡಿಡುವವನು ನಾನೊಬ್ಬನೇ ಎಂಬ ಜಂಬ ಬೇರೆ. ನಿವೃತ್ತಿಯ ನಂತರ ಗಂಡಸರಿಗೆ ಬರುವ ಕಾಯಿಲೆಗಳ ಪಟ್ಟಿಗೆ ಸಕ್ಕರೆ, ಬಿಪಿ ಜೊತೆ ಇದನ್ನೂ ಸೇರಿಸಬೇಕೆಂಬುದು ನನ್ನಾಕೆಯ ವಾದ.

ಮಗ ಹ್ಯಾಂಬರ್ಗಿಗೆ ಕರೆಸಿಕೊಂಡಾಗ ಎಲ್ಲರ ಅಪ್ಪಂದಿರಂತೆ ನಾನು ಬಂದರು ನೋಡಲು ಹೊರಡಲಿಲ್ಲ. ಹಿಡಿದಿದ್ದು ಲ್ಯೂಬೆಕ್ ರೈಲನ್ನು. ಅಲ್ಲಿ ಹೋಲ್‌ಸ್ಟನ್‌ಟೋರ್ ಎಂಬ ಹೆಬ್ಬಾಗಿಲಿದೆ. 1464ರಲ್ಲಿ ಶುರುವಾಗಿ 1478ರಲ್ಲಿ ಮುಗಿದದ್ದು. ಎರಡು ದುಂಡು ಇಟ್ಟಿಗೆ ಗೋಪುರ, ತಲೆಗೊಂದು ಚೂಪು ಟೋಪಿ. ಜೌಗು ನೆಲದಲ್ಲಿ ಕಟ್ಟಿದ್ದರಿಂದ ತಳ ಕುಸಿದು ವಾಲಿಕೊಂಡಿದೆ. 1863ರಲ್ಲಿ ಕೆಡವಬೇಕೋ ಬೇಡವೋ ಎಂದು ಊರಿನ ಸಭೆಯವರು ಮತಕ್ಕೆ ಹಾಕಿ, ಒಂದೇ ಒಂದು ಮತದಿಂದ ಉಳಿಸಿಕೊಂಡರಂತೆ. ಹೊರಮುಖದ ಗೋಡೆ ಮೂರೂವರೆ ಮೀಟರ್ ದಪ್ಪ, ಊರ ಕಡೆಯದು ಒಂದು ಮೀಟರೂ ಇಲ್ಲ. ಶತ್ರು ಬರುವುದು ಹೊರಗಿನಿಂದ ಎಂಬ ಲೆಕ್ಕಾಚಾರ. ನನ್ನ ಶತ್ರು ಮಾತ್ರ ನನ್ನದೇ ಕೋಟು ಹಾಕಿಕೊಂಡು ನನ್ನ ಜೊತೆಗೇ ರೈಲು ಇಳಿದಿದ್ದ.

"ಅಪ್ಪಾ, ಈ ಬಾಗಿಲು ಹಳೇ ಐವತ್ತು ಮಾರ್ಕಿನ ನೋಟಿನ ಮೇಲೂ ಇತ್ತಂತೆ," ಎಂದ ಮಗ.

"ನೋಟಿನಲ್ಲಿ ಬೆಳ್ಳಿ ಇರುತ್ತೇನೋ?" ಎಂದು ಅವನ ಬಾಯಿ ಮುಚ್ಚಿಸಿ ನಾಣ್ಯದಂಗಡಿ ಹೊಕ್ಕೆ.

ಮುದುಕ ಅಂಗಡಿಯಾತ ಮಖಮಲ್ಲಿನ ಡಬ್ಬಿ ತೆರೆದ. ಕನ್ನಡಿಯಂತೆ ಹೊಳೆಯುವ ಬಯಲು, ನಡುವೆ ಹಿಮ ಬಿದ್ದಂತೆ ಮಂಕು ಬಿಳುಪಿನ ಗೋಪುರಗಳು, ಅಂಚಿನಲ್ಲಿ 999 ಎಂಬ ಮುದ್ರೆ. ಜೇಬಿನಿಂದ ಆಯಸ್ಕಾಂತ ತೆಗೆದು ಹತ್ತಿರ ಹಿಡಿದೆ. ಅಂಟಲಿಲ್ಲ. ಪಂಡಿತನಂತೆ ತಲೆಯಾಡಿಸಿದೆ. ಅಂಗಡಿಯಾತ ಜರ್ಮನ್ ಭಾಷೆಯಲ್ಲಿ ಏನೋ ಎಚ್ಚರಿಕೆ ಹೇಳಿ, ಒಂದು ಪತ್ರವನ್ನೂ ಕೊಟ್ಟ. ಹೊಗಳುತ್ತಿದ್ದಾನೆಂದು ತಿಳಿದು ನಕ್ಕೆ. ಮಗ ಹೊರಗೆ ಫೋನಿನಲ್ಲಿದ್ದ. ಒಳಗೆ ಬಂದು ಬಿಲ್ಲು ನೋಡಿದವನು ಮಾತಾಡಲಿಲ್ಲ.

ವಾಪಸಾಗುವಾಗ ಸ್ಟೇಷನ್ನಿನಲ್ಲಿ ಅವಸರವಾಯಿತು. ಅಲ್ಲಿ ಜಲಬಾಧೆಗೂ ಸುಂಕ ಉಂಟು. ಕೈಗೆ ಸಿಕ್ಕಿದ ನಾಣ್ಯವೊಂದನ್ನು ಬಾಗಿಲ ಬಳಿಯ ತಟ್ಟೆಗೆ ಎಸೆದು ಓಡಿದೆ.

ರಾತ್ರಿ ಮಗ ಆ ಪತ್ರ ಓದಿದ. "ಅಪ್ಪಾ, ಇದು ನಾಣ್ಯ ಅಲ್ಲ, ಪದಕ."

"ಬೆಳ್ಳಿ ತಾನೆ?"

"ಬೆಳ್ಳಿ ನಿಜ. ಆದರೆ ನಾಣ್ಯ ಅಂದ್ರೆ ಸರ್ಕಾರ ಹೊರಡಿಸಿರಬೇಕು, ಸಾಮಾನ್ಯವಾಗಿ ಮುಖಬೆಲೆಯೂ ಇರುತ್ತೆ. ಪದಕ ಯಾರು ಬೇಕಾದ್ರೂ ಹೊಡೆಸಬಹುದು. ಈ ಬಾಗಿಲಿನ ಅಸಲಿ ನಾಣ್ಯ 2006ರಲ್ಲಿ ಬಂದಿದೆ, 2 ಯೂರೋದ್ದು. ಕೋಟಿಗಟ್ಟಲೆ ಹೊಡೆಸಿದ್ದಾರೆ, ಬೆಳ್ಳಿ ಚೂರೂ ಇಲ್ಲ. ಸಾಯಂಕಾಲ ನೀವು ತಟ್ಟೆಗೆ ಎಸೆದ್ರಲ್ಲ, ಅದೇ."

ಹೋಗಲಿ, ಪದಕವಾದರೂ ಪದಕವೇ ಎಂದು ಬೆಂಗಳೂರಿಗೆ ತಂದು ಷೋಕೇಸಿನಲ್ಲಿಟ್ಟೆ. ಬಂದವರಿಗೆಲ್ಲ ಡಬ್ಬಿಯಿಂದ ತೆಗೆದು ಅಂಗೈಗೇ ಕೊಡುತ್ತಿದ್ದೆ. ಅವರಲ್ಲಿ ಕೆಲವರು ಆಗಷ್ಟೇ ಕೋಡುಬಳೆ ತಿಂದವರು. ಗಾಳಿಯಲ್ಲಿನ ಗಂಧಕದ ಅಂಶ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ಬೆರಳಿನ ಜಿಡ್ಡು ಕುಳಿತರಂತೂ ಹೆಬ್ಬೆರಳ ಗುರುತು ಬಿಡುವುದೇ ಇಲ್ಲ. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಗೋಪುರಗಳು ಕಂದಿ, ಬಯಲ ತುಂಬ ನೆಂಟರ ಹೆಬ್ಬೆಟ್ಟು.

ನನ್ನಾಕೆ ದೀಪ, ಪಂಚಪಾತ್ರೆ, ಕುಂಕುಮದ ಭರಣಿ ಹರಡಿಕೊಂಡು ಹಲ್ಲುಪುಡಿ ಹಾಕಿ ಉಜ್ಜುತ್ತಿದ್ದಳು. ನಾನೂ ಕೂತೆ.

"ರೀ, ಅದನ್ನ ಉಜ್ಜಬಹುದೋ ಇಲ್ಲವೋ, ಮಗನ್ನ ಒಂದು ಮಾತು ಕೇಳಿ," ಎಂದಳು.

"ಬೆಳ್ಳಿಯ ವಿಷಯ ನನಗೆ ಹೇಳಬೇಡ," ಎಂದೆ.

ಹಳೇ ಬ್ರಷ್ಷಿನಿಂದ, ಮನಸಾರೆ ಉಜ್ಜಿದೆ. ಮಂಕಾಗಿರಬೇಕಾದ ಗೋಪುರ ಹೊಳೆಯತೊಡಗಿತು. ಹೊಳೆಯಬೇಕಾದ ಬಯಲಿನಲ್ಲಿ ಸಾವಿರ ಗೀರು ಎದ್ದವು. ನನಗೆ ಕಂಡದ್ದು ಹೊಳಪು ಮಾತ್ರ.

ಆಮೇಲೆ ಒಂದು ನಾಣ್ಯ ಪ್ರದರ್ಶನಕ್ಕೆ ಒಯ್ದೆ. ಅನುಭವಸ್ಥರೊಬ್ಬರು ಭೂತಗನ್ನಡಿ ಹಿಡಿದು ನೋಡಿ, ಸಾವಿನ ಮನೆಗೆ ಬಂದವರ ದನಿಯಲ್ಲಿ, "ಯಾರು ಸಾರ್ ತೊಳೆದದ್ದು?" ಎಂದರು.

"ಮನೇಲಿ..." ಎಂದು ತಲೆ ತಗ್ಗಿಸಿ, ತಪ್ಪನ್ನು ಮನೆಯವರ ತಲೆಗೆ ಕಟ್ಟಿದೆ. ಮನೆಯವರು ಹಿಂದೆಯೇ ನಿಂತಿದ್ದರು. ಮುಂದಿನದನ್ನು ಬರೆಯುವುದಿಲ್ಲ.

ಅವರು ಹೇಳಿದ ಧರ್ಮವಿಷ್ಟು: ಅಡುಗೆಮನೆಯಲ್ಲಿ ಹೊಳೆಯುವ ಬೆಳ್ಳಿಗೆ ಮರ್ಯಾದೆ, ಸಂಗ್ರಾಹಕರಲ್ಲಿ ಮುಟ್ಟದ ಬೆಳ್ಳಿಗೆ. ತಾನಾಗಿ ಏರಿದ ಕಪ್ಪಿಗೆ ಕೆಲವರು ಹೆಚ್ಚು ದುಡ್ಡನ್ನೂ ಕೊಡುತ್ತಾರೆ. ಉಜ್ಜಿದ್ದಕ್ಕೆ ಸಿಗುವುದು ತೂಕದ ಬೆಲೆ.

ಆದ್ದರಿಂದ ಓದುಗರೇ, ನಿಮಗೂ ಈ ಹುಚ್ಚು ಹಿಡಿದರೆ ಮೊದಲು ಮುಖಬೆಲೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಬಹುಮಟ್ಟಿಗೆ ಪದಕವೇ. ಜೊತೆಗೆ ಕೊಟ್ಟ ಪತ್ರವನ್ನು ದುಡ್ಡು ಕೊಡುವ ಮುಂಚೆ ಓದಿಸಿ. ಡಬ್ಬಿಯಿಂದ ತೆಗೆಯಲೇಬೇಕಾದರೆ ಅಂಚು ಹಿಡಿದು ಎತ್ತಿ, ನೆಂಟರ ಕೈಗೆ ಕೋಡುಬಳೆ ಮಾತ್ರ ಕೊಡಿ. ಹಲ್ಲುಪುಡಿ ಬಚ್ಚಲಲ್ಲೇ ಇರಲಿ.