ವಾಟ್ ಬಿರುದಾವಳಿ: ಠಾಣಾ ಕುಶನೂರ ಸೀಮೆಯ ವಾಹನಸಂಗೀತ ಕುರಿತು ಒಂದು ಸಂಶೋಧನಾ ಸಂಪ್ರಬಂಧ

1. ಪ್ರಸ್ತಾವನೆ

ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಆನೆ, ಕುದುರೆ, ಅಡುಗೆ, ಗೀತ, ವಾದ್ಯ, ನೃತ್ಯ ಯಾವುದನ್ನೂ ಅರಸ ಬಿಟ್ಟಿಲ್ಲ. ಆದರೆ 4 ಓಮಿನ ಆಂಪ್ಲಿಫೈಯರಿಗೆ 2 ಓಮಿನ ಭಾರ ಹೊರಿಸಬಹುದೇ ಎಂಬ ಬಗ್ಗೆ ಒಂದಕ್ಷರವೂ ಇಲ್ಲ. ಆಮೇಲಿನ ವಿದ್ವಾಂಸರೂ ಈ ಕಡೆ ಕಣ್ಣು ಹಾಯಿಸಿದಂತಿಲ್ಲ. ಈ ಎಂಟುನೂರು ಚಿಲ್ಲರೆ ವರ್ಷಗಳ ಕೊರತೆಯನ್ನು ಆ ಕಲ್ಯಾಣವಿರುವ ಬೀದರ ಜಿಲ್ಲೆಯದೇ ಆದ ಠಾಣಾ ಕುಶನೂರದಲ್ಲಿ ಕುಳಿತು ನೀಗಿಸುವ ನಮ್ರ ಯತ್ನವೇ ಪ್ರಸ್ತುತ ಸಂಪ್ರಬಂಧ.

ಅಧ್ಯಯನದ ವ್ಯಾಪ್ತಿ: ಭಾಲ್ಕಿ, ಔರಾದ್, ಕಮಲನಗರದ ಕಡೆಗೆ ಓಡಾಡುವ ಕಾರು, ಕ್ರೂಸರ್ ಹಾಗೂ ಕಬ್ಬಿನ ಟ್ರ್ಯಾಕ್ಟರು. ಟಂಟಂ ಪ್ರತ್ಯೇಕ ಪಿಎಚ್.ಡಿ. ಬೇಡುವಷ್ಟು ಗಹನವಾದ್ದರಿಂದ ಕೈಬಿಡಲಾಗಿದೆ. ಅಮೆರಿಕದ ಗಾಲ್ವಿನ್ ಕಂಪನಿ 1930ರಲ್ಲಿ ‘ಮೋಟೋರೋಲಾ’ ಹೆಸರಿನ ಕಾರ್ ರೇಡಿಯೊ ತಂದದ್ದು ನಿಜ. ಅದಕ್ಕೆ ಬಾಸ್ ಟ್ಯೂಬ್ ಇರಲಿಲ್ಲವಾಗಿ, ನಮ್ಮ ಸೀಮೆಯ ಮಟ್ಟಿಗೆ ಅದನ್ನು ಶಿಲಾಯುಗವೆಂದು ಪರಿಗಣಿಸಲಾಗಿದೆ.

2. ಬಿರುದು ಮತ್ತು ಶಾಸನ

ಚಾಳುಕ್ಯರ ಶಾಸನಗಳನ್ನು ಓದಿದವರಿಗೆ ಗೊತ್ತು: ಮೊದಲು ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ ಎಂದು ಬಿರುದುಗಳ ಸಾಲು, ಅದು ಮುಗಿದ ಮೇಲೆ ಎಷ್ಟು ಮತ್ತರು ಭೂಮಿ, ಯಾವ ಎಲ್ಲೆ ಎಂಬ ಅಸಲು ಸಂಗತಿ. ಗಾಡಿಯಲ್ಲಿ ಹಾಡು ನುಡಿಸುವ ಡೆಕ್ಕಿನ ಡಬ್ಬಿಯನ್ನೂ ಹಾಗೇ ಓದತಕ್ಕದ್ದು. ಮೇಲೆ ಬಂಗಾರದ ಅಕ್ಷರದಲ್ಲಿ ‘50 ವಾಟ್ x 4’ ಎಂದಿರುವುದು ಬಿರುದು. ದಾನಶಾಸನ ಇರುವುದು ಬೆನ್ನ ಹಿಂದೆ, ವೈರುಗಳ ಪಕ್ಕ ಸಿಕ್ಕಿಸಿದ ಉಗುರಿನಷ್ಟು ಫ್ಯೂಸಿನಲ್ಲಿ.

ಈ ಶಾಸನದ ಲಿಪಿ ಸುಲಭ. ಕೆಂಪು ಫ್ಯೂಸ್ 10 ಆಂಪಿಯರ್, ನೀಲಿ 15, ಹಳದಿ 20. ಎಂಜಿನ್ ಓಡುವಾಗ ಗಾಡಿಯ ವೋಲ್ಟೇಜು ಸುಮಾರು 14.4 ವೋಲ್ಟ್. ಕೆಂಪು ಫ್ಯೂಸಿನ ಡೆಕ್ ಒಳಗೆ ಎಳೆದುಕೊಳ್ಳುವುದು ಹೆಚ್ಚೆಂದರೆ ಸುಮಾರು 144 ವಾಟ್. ಅದರಲ್ಲಿ ಸುಮಾರು ಅರ್ಧ ಬಿಸಿಯಾಗಿ ಹೋಗುತ್ತದೆ. ಉಳಿದ 72ನ್ನು ನಾಲ್ಕು ಸ್ಪೀಕರಿಗೆ ಹಂಚಿದರೆ ತಲಾ 18. ಐವತ್ತರ ಮಾತು ಬಿರುದಾಗಿಯೇ ಉಳಿಯಿತು. ‘ಪಿಎಂಪಿಒ 1200’ ಎಂದು ಬರೆದಿದ್ದರಂತೂ ಅದು ಚತುಸ್ಸಮುದ್ರಾಧೀಶ್ವರನ ಜಾತಿಗೆ ಸೇರಿದ್ದು. ಗೌರವದಿಂದ ಓದಿ ಕೆಳಗಿಡಬೇಕು. ಕೊಳ್ಳುವಾಗ ಕೇಳಬೇಕಾದ್ದು ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ವಾಟ್) ಎಷ್ಟು ಎಂಬುದೊಂದೇ. ಸ್ಪೀಕರಿನ ಆರ್‌ಎಂಎಸ್ಸೂ ಆಂಪ್ಲಿಫೈಯರಿನ ಒಂದೊಂದು ಚಾನೆಲ್ಲಿನ ಆರ್‌ಎಂಎಸ್ಸೂ ಹತ್ತಿರ ಹತ್ತಿರ ಇದ್ದರೆ ಆ ಸಂಬಂಧ ಬಾಳುತ್ತದೆ.

ಪ್ರಕ್ಷಿಪ್ತ ಪಾಠಗಳ ಬಗ್ಗೆ ಎಚ್ಚರ ಅಗತ್ಯ. ಫ್ಯೂಸ್ ಸುಟ್ಟಾಗ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೂಡಿಸುವ ಲಿಪಿಕಾರರ ಪರಂಪರೆಯೊಂದು ಈ ರಸ್ತೆಗಳಲ್ಲಿ ಜೀವಂತವಾಗಿದೆ. ಹೀಗೆ ತಿದ್ದಿದ ಪ್ರತಿಯಲ್ಲಿ ಮುಂದಿನ ಸಲ ಸುಡುವುದು ಫ್ಯೂಸಲ್ಲ, ವೈರು. ವೈರಿನ ಬೆನ್ನಿಗೆ ಸೀಟು.

3. ಓಮ್ ಮೀಮಾಂಸೆ

ಜರ್ಮನಿಯ ಗೇಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಕುಶನೂರಕ್ಕೂ ಅನ್ವಯಿಸುತ್ತದೆ ಎಂಬುದನ್ನು ಇಲ್ಲಿ ಪ್ರಥಮ ಬಾರಿಗೆ ಪ್ರತಿಪಾದಿಸಲಾಗಿದೆ. ಎರಡು 4 ಓಮಿನ ಊಫರುಗಳ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕೂಡಿಸಿದರೆ ಆಂಪ್ಲಿಫೈಯರಿಗೆ ಕಾಣುವುದು 2 ಓಮ್. ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದರೆ 8. ಓಮ್ ಅರ್ಧವಾದರೆ ಕರೆಂಟು ದುಪ್ಪಟ್ಟು ಹರಿಯುತ್ತದೆ. ತಾಳುವ ಆಂಪ್ಲಿಫೈಯರಾದರೆ ಗುಡುಗುತ್ತದೆ. ತಾಳದ್ದಾದರೆ ಬರಾತು ಮಸೀದಿ ಚೌಕಕ್ಕೆ ಬರುವಷ್ಟರಲ್ಲಿ ಕಾದು, ಕೆಂಪು ದೀಪ ಹಾಕಿಕೊಂಡು ಮೌನವ್ರತ ಹಿಡಿಯುತ್ತದೆ.

ಒಂದು ಸ್ಪೀಕರಿನ ಪ್ಲಸ್ ಮೈನಸ್ ಮಾತ್ರ ಅದಲುಬದಲಾದರೆ ಇನ್ನೊಂದು ತೊಡಕು. ಒಂದು ಕೋನು ಹೊರಗೆ ಬರುವಾಗ ಇನ್ನೊಂದು ಒಳಗೆ ಹೋಗುತ್ತದೆ. ಡೊಳ್ಳಿನ ಬಡಿತ ಇಬ್ಬರ ನಡುವೆ ಸಿಕ್ಕಿ ಗಾಳಿಯಲ್ಲೇ ಕರಗುತ್ತದೆ. ಯಾರೂ ಸುಟ್ಟಿಲ್ಲ, ಯಾರೂ ಒಡೆದಿಲ್ಲ, ಬಾಸ್ ಮಾತ್ರ ಇಲ್ಲ. ಪಾಠಪರಿಷ್ಕರಣಕ್ಕೆ ಬೇಕಾದ್ದು ಗಡಿಯಾರದ 1.5 ವೋಲ್ಟಿನ ಸೆಲ್. ಸ್ಪೀಕರಿನ ಎರಡು ತುದಿಗೆ ಕ್ಷಣಮಾತ್ರ ಮುಟ್ಟಿಸಿದಾಗ ಕೋನು ಹೊರಗೆ ಜಿಗಿದರೆ, ಸೆಲ್ಲಿನ ಪ್ಲಸ್ ಮುಟ್ಟಿದ ತುದಿಯೇ ಸ್ಪೀಕರಿನ ಪ್ಲಸ್.

4. ಭೂಸಂಬಂಧ

ಆಕ್ಸಿಲರೇಟರ್ ತುಳಿದಂತೆ ‘ಕುಂಯ್ಯ್’ ಎಂಬ ಸ್ವರ ಏರುತ್ತ ಹೋಗುವುದನ್ನು ಕೆಲವರು ಹಾಡಿನ ಶಹನಾಯಿಯೆಂದು ಭ್ರಮಿಸಿದ್ದಾರೆ. ಅದು ಆಲ್ಟರ್ನೇಟರಿನ ಆಲಾಪ. ಹೆಚ್ಚಿನ ಸಲ ಕಾರಣ ಅರ್ಥಿಂಗ್ ಸರಿ ಇಲ್ಲದಿರುವುದು: ಮೈನಸ್ ವೈರನ್ನು ಬಣ್ಣದ ಮೇಲೇ ನಟ್ಟು ಹಾಕಿ ಬಿಗಿದಿರುತ್ತಾರೆ. ಬಣ್ಣ ಕೆರೆದು, ಬರಿ ಕಬ್ಬಿಣ ಹೊಳೆಯುವಂತೆ ಸ್ಯಾಂಡ್ ಪೇಪರ್ ತಿಕ್ಕಿ, ಗಿಡ್ಡ ದಪ್ಪ ವೈರಿನಿಂದ ಕಟ್ಟಿದರೆ ಬಹುಪಾಲು ಶಹನಾಯಿ ನಿಲ್ಲುತ್ತದೆ. ಬ್ಯಾಟರಿ ವೈರು ಒಂದು ಬದಿಗೆ, ಡೆಕ್ಕಿನಿಂದ ಆಂಪ್ಲಿಫೈಯರಿಗೆ ಹಾಡು ಒಯ್ಯುವ ಆರ್‌ಸಿಎ ವೈರು ಇನ್ನೊಂದು ಬದಿಗೆ ಹಾಯಿಸಿದರೆ ಮಿಕ್ಕಿದ್ದೂ ಹೆಚ್ಚಾಗಿ ನಿಲ್ಲುತ್ತದೆ.

ಅಂಗಡಿಯಲ್ಲಿ ಮಾತ್ರ ಈ ವಿಷಯ ಬರುವುದಿಲ್ಲ. ಅಲ್ಲಿನ ಮೌಖಿಕ ಆಕರ ಒಂದೇ ಬಗೆಯದು: “ಕಾಕಾ, ಹಜಾರ್ ವಾಟ್ ಅದ ಇದು. ಗಾಡಿ ಕಾಚ್ ಒಡೀತಾವ್ ನೋಡ್ರಿ.” ನಿಜಕ್ಕೂ ಸಾವಿರ ವಾಟ್ ಹೊರಬರಬೇಕಾದರೆ ಒಳ್ಳೆಯ ಕ್ಲಾಸ್ ಡಿ ಆಂಪ್ಲಿಫೈಯರಿಗೂ ಸುಮಾರು 90 ಆಂಪಿಯರ್ ಬೇಕು. ಸಣ್ಣ ಕಾರಿನ ಆಲ್ಟರ್ನೇಟರು ಅಷ್ಟನ್ನೂ ಹಾಡಿಗೇ ಧಾರೆಯೆರೆದರೆ ಹೆಡ್‌ಲೈಟಿಗೆ ಏನುಳಿಯಿತು? ಪ್ರತಿ ‘ಧಡ್’ ಶಬ್ದಕ್ಕೂ ದೀಪ ಕಣ್ಣು ಮಿಟುಕಿಸುವುದನ್ನು ಎದುರಿನಿಂದ ಬರುವವರು ಶೃಂಗಾರವೆಂದು ತಿಳಿಯಬಾರದು.

5. ಪೂರ್ವಪಕ್ಷಗಳು

ವಿದ್ವಾಂಸರಲ್ಲಿ ಮೂರು ಪಂಥಗಳಿವೆ. ಡಿಕ್ಕಿವಾದಿಗಳ ಪ್ರಕಾರ 12 ಇಂಚಿನ ಊಫರೊಂದೇ ಸತ್ಯ, ಉಳಿದದ್ದೆಲ್ಲ ಮಿಥ್ಯೆ. ಆದರೆ ಅದಕ್ಕೆ ಬಿಟ್ಟುಕೊಡಬೇಕಾದ್ದು ಸುಮಾರು 80 ಹರ್ಟ್ಸಿನ ಕೆಳಗಿನ ಗುಡುಗು ಮಾತ್ರ. ವಚನ, ಕವ್ವಾಲಿ, ಮರಾಠಿ ಲಾವಣಿ, ತೆಲುಗು ಡ್ಯುಯೆಟ್ಟು ಇರುವುದು ಅದರ ಮೇಲೆ. ಊಫರಿಗೆ ಎಲ್ಲವನ್ನೂ ಕೊಟ್ಟರೆ ನಾಲ್ಕೂ ಭಾಷೆ ಒಂದೇ ಥರ ಕೇಳುತ್ತವೆ. ಗಡಿನಾಡಿನ ಭಾಷಾ ಸಾಮರಸ್ಯಕ್ಕೆ ಇದು ಒಂದು ದಾರಿಯಾದರೂ ಸಂಗೀತಕ್ಕಲ್ಲ.

ಬಾಗಿಲುವಾದಿಗಳು ಮುಂದಿನ ಬಾಗಿಲಿಗೆ ಒಳ್ಳೆ ಸ್ಪೀಕರ್ ಹಾಕಿ ಎನ್ನುತ್ತಾರೆ. ಸ್ಪೀಕರಿನ ಮುಂದಿನ ಗಾಳಿ, ಹಿಂದಿನ ಗಾಳಿ ಬೆರೆತರೆ ಬಾಸ್ ಸಾಯುತ್ತದೆ. ಆದ್ದರಿಂದ ಬಾಗಿಲ ತಗಡಿನ ತೂತುಗಳನ್ನು ಡ್ಯಾಂಪಿಂಗ್ ಶೀಟಿನಿಂದ ಮುಚ್ಚಿದ ಹೊರತು ಈ ಪಂಥ ಸೇರಿ ಫಲವಿಲ್ಲ. ಮುಚ್ಚಿದ ಮೇಲೆ ಇವರ ವಾದವನ್ನು ಖಂಡಿಸಲು ನಮ್ಮಲ್ಲಿ ಯುಕ್ತಿ ಉಳಿದಿಲ್ಲ.

ಮೂರನೆಯವರು ಛತ್ರಿವಾದಿಗಳು, ಅಂದರೆ ಟ್ರ್ಯಾಕ್ಟರಿನ ಛತ್ರಿಗೆ ಸ್ಪೀಕರ್ ಕಟ್ಟಿ ಮುಖ ಹಿಂದಕ್ಕೆ ಮಾಡುವವರು. ಹಾಡು ಹಾಕಿದವನಿಗೆ ಎಂಜಿನ್ ಸದ್ದು, ಹಿಂದೆ ಬರುವವನಿಗೆ ಹಾಡು. ಇಷ್ಟು ನಿಷ್ಕಾಮವಾದ ಕರ್ಮಯೋಗ ನಮ್ಮ ಆಕರಗಳಲ್ಲಿ ಬೇರೆಲ್ಲೂ ದೊರೆತಿಲ್ಲ. ಓವರ್‌ಟೇಕ್ ಮಾಡಲು ಹಿಂದಿನಿಂದ ಹೊಡೆದ ಹಾರ್ನು ಟ್ರ್ಯಾಕ್ಟರ್ ಓಡಿಸುವವನಿಗೆ ಕೇಳುವುದಿಲ್ಲ ಎಂಬುದೊಂದೇ ದೋಷ.

6. ಸಿದ್ಧಾಂತ

ಸಾಧಾರಣ ಕಾರ್ ಸ್ಪೀಕರಿಗೆ ಒಂದೇ ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಸುಮಾರು 90 ಡೆಸಿಬೆಲ್ ಬರುತ್ತದೆ. ವಾಟ್ ದುಪ್ಪಟ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡರಷ್ಟು’ ಅನ್ನಿಸಬೇಕಾದರೆ ಹತ್ತರಷ್ಟು ವಾಟ್ ಬೇಕು. ಅಂದಮೇಲೆ ಗಾಡಿಯೊಳಗೆ ಕೂತವರಿಗೆ ಹೆಚ್ಚಿನ ಹೊತ್ತು ಸಾಕಾಗುವುದು ಕೆಲವೇ ವಾಟ್. ಉಳಿದದ್ದು ಊರಿಗೆ. ಊರಿಗೂ ಒಂದು ಲೆಕ್ಕ ಇದೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್.

ಆದಕಾರಣ ಹಣ ಖರ್ಚು ಮಾಡತಕ್ಕ ಕ್ರಮ: ಮೊದಲು ವೈರು ಮತ್ತು ಅರ್ಥಿಂಗ್, ಎರಡನೆಯದು ಮುಂದಿನ ಬಾಗಿಲ ಸ್ಪೀಕರು ಮತ್ತು ಶೀಟು, ಮೂರನೆಯದು ಅವಕ್ಕೆ ಒಪ್ಪುವ ಆಂಪ್ಲಿಫೈಯರು, ನಾಲ್ಕನೆಯದು ಊಫರು, ಬಣ್ಣದ ಲೈಟಿನ ಡೆಕ್ಕು ಕಟ್ಟಕಡೆಗೆ. ಸೀಮೆಯಲ್ಲಿ ರೂಢಿಯಲ್ಲಿರುವ ಕ್ರಮ ಇದರ ತದ್ವಿರುದ್ಧವಾಗಿದ್ದು, ಅದರಲ್ಲಿ ವೈರಿನ ಸರದಿ ಬರುವಷ್ಟರಲ್ಲಿ ತೊಗರಿಯ ರೊಕ್ಕ ಮುಗಿದಿರುತ್ತದೆ.

ಕೊನೆಯದಾಗಿ, ಈ ಸರಣಿಯ ಯಾವ ಡಬ್ಬಿಯ ಮೇಲೂ ಮುದ್ರಿತವಾಗದ ಘಟಕವೊಂದಿದೆ. ಅದಕ್ಕೆ ವಾಟ್ ಇಲ್ಲ, ಓಮ್ ಇಲ್ಲ, ಫ್ಯೂಸೂ ಇಲ್ಲ. ಹಿಂದಿನ ಸೀಟಿನಲ್ಲಿ ಕುಂತ ಆಯಿ “ಏ ತಮ್ಮಾ, ಜರಾ ಆವಾಜ್ ಕಮ್ಮಿ ಮಾಡೋ” ಅಂದ ಕೂಡಲೇ ಸಾವಿರ ವಾಟಿನ ಸಿಸ್ಟಮ್ ಸೊನ್ನೆಗೆ ಇಳಿಯುತ್ತದೆ. ಈ ನಿಯಮಕ್ಕೆ ಮೂರು ಪಂಥದವರಲ್ಲಿ ಯಾರೂ ಇದುವರೆಗೆ ಪೂರ್ವಪಕ್ಷ ಹೂಡಿಲ್ಲ.